ಅರಮನೆ ಪರದೆಯ ನವಿಲು

ಜಗದೇವ ಒಳ್ಳೆಯ ಮನುಷ್ಯನಲ್ಲ. ಅವನು ಸುಳ್ಳುಗಾರ, ಅದೂ ಬಾಯಿಚಪಲದ ಸುಳ್ಳುಗಾರನಲ್ಲ, ಅಳೆದು ತೂಗಿ ಹೇಳುವವನು. ತನಗೆ ಲಾಭವಿಲ್ಲದ ಒಂದು ಸುಳ್ಳನ್ನು ಅವನು ಅರವತ್ತಾರು ವರ್ಷಗಳಲ್ಲಿ ಆಡಿದ್ದನ್ನು ಆಳಂದದಲ್ಲಿ ಯಾರೂ ಕೇಳಿಲ್ಲ. ಹೆಂಡತಿ ಭಾಗಮ್ಮ ಕೊನೆಯ ಸಲ ಆಸ್ಪತ್ರೆಯ ಮಂಚದ ಮೇಲೆ ಮಲಗಿ, "ನಾ ಎದ್ದು ಮನೀಗಿ ಬರ್ತೇನಿಲ್ಲೋ?" ಎಂದು ಕೇಳಿದಾಗ ಬೇರೆ ಯಾವ ಗಂಡನಾದರೂ ಬರ್ತಿ ಎನ್ನುತ್ತಿದ್ದ. ಇವನು, "ಡಾಕ್ಟರ್ ಇಲ್ಲ ಅಂದಾರ" ಎಂದ. ಆ ಮಾತನ್ನು ಭಾಗಮ್ಮನ ತಂಗಿ ಇವತ್ತಿಗೂ ಮರೆತಿಲ್ಲ. ಅವಳ ಮನೆಯ ಮುಂದೆ ಹಾಯುವಾಗ ಜಗದೇವ ತಲೆ ತಗ್ಗಿಸುವುದೂ ಇಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡ ಎರಡು ಖೋಲಿ ಅವನವು. ಒಂದರಲ್ಲಿ ಅವನಿರುತ್ತಾನೆ, ಇನ್ನೊಂದರಲ್ಲಿ ನಾಟಕದ ಪರದೆಗಳಿವೆ. ಅರಮನೆ, ಬೀದಿ, ಕಾಡು, ಜೇಲು ಎಂದು ನಾಲ್ಕು. ಮಾಂಜರಪಾಟ ಬಟ್ಟೆಗೆ ಅಂಟು ಹಚ್ಚಿ, ಬಿಸಿಲಿಗೆ ಬಿಗಿದು, ೧೯೯೧ರ ಬೇಸಿಗೆಯಲ್ಲಿ ಅವನೇ ಬರೆದವು. ಆ ಕಾಲಕ್ಕೆ ಖಜೂರಿಯಿಂದ ಯಡ್ರಾಮಿಯವರೆಗೆ ಯಾವ ಊರಿನವರು ನಾಟಕ ಆಡಿದರೂ ಜಗದೇವನ ಪರದೆಯೇ ಬೇಕಿತ್ತು. ರಾಶಿ ಮುಗಿದ ಮೇಲೆ ಊರಿನ ತರುಣರು ಎರಡು ಮೂರು ತಿಂಗಳು ತಾಲೀಮು ಮಾಡುತ್ತಿದ್ದರು. ಗಂಡು ಪಾತ್ರಕ್ಕೆ ಊರಿನವರೇ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರನ್ನು ಕರೆಸಬೇಕು, ಪರದೆ ಮತ್ತು ಲೈಟು ಬಾಡಿಗೆಗೆ ತರಬೇಕು. ಎಲ್ಲವನ್ನೂ ಒಂದೇ ಟೆಂಪೋದಲ್ಲಿ ಹೇರಿಕೊಂಡು ಬರುವವನು ಜಗದೇವ. ಮುಂಗಡ ಕೈಗೆ ಬೀಳದೆ ಅವನು ಪರದೆಯ ಹಗ್ಗ ಬಿಚ್ಚಿದ ದಿನವಿಲ್ಲ. ಒಮ್ಮೆ ಹವಳಗಾದಲ್ಲಿ ನಾಟಕದ ನಡುವೆ ರಾಜನ ಪಾತ್ರದವನು ಇನ್ನೂ ಸಂಭಾಷಣೆ ಹೇಳುತ್ತಿರುವಾಗಲೇ ಹಿಂದಿನ ಅರಮನೆಯನ್ನು ಸುತ್ತಿಕೊಂಡು ಹೋಗಿದ್ದ, ಬಾಕಿ ಕೊಡುತ್ತೇವೆಂದವರು ಕೊಟ್ಟಿರಲಿಲ್ಲ. ರಾಜ ಉಳಿದ ಅಂಕವನ್ನು ಬಯಲಿನಲ್ಲಿ ನಿಂತು ಮುಗಿಸಿದ.

ಆಮೇಲೆ ಫ್ಲೆಕ್ಸ್ ಬಂತು. ಎಂಥ ಅರಮನೆಯನ್ನಾದರೂ ಒಂದು ತಾಸಿನಲ್ಲಿ ಅಚ್ಚು ಹಾಕಿ ಕೊಡುವ ಮಷೀನು ಬಂದಮೇಲೆ ಜಗದೇವನ ನಾಲ್ಕು ಪರದೆಗಳು ಖೋಲಿಯಲ್ಲಿ ಮಲಗಿದವು. ಅವನು ಅಂಗಡಿ ಬೋರ್ಡು ಬರೆದ, ಲಾರಿಗಳ ಹಿಂದೆ ಹೆಸರು ಬರೆದ, ಅದೂ ಕಡಿಮೆಯಾಯಿತು. ಕೈ ನಡುಗಲು ಸುರುವಾದ ವರ್ಷವೇ ಅವನಿಗೆ ಹೊಸ ದಂಧೆ ಸಿಕ್ಕಿತು. ಅದನ್ನು ಸರ್ಕಾರವೇ ಹುಟ್ಟಿಸಿತು ಎಂದರೆ ತಪ್ಪಾಗಲಾರದು.

ಸರ್ಕಾರ ಕಲೆಗೆ ಕೊಡುವುದಿಲ್ಲ ಎಂದು ದೂರುವವರು ಪೂರ್ತಿ ಸರಿಯಲ್ಲ. ತಂಡಗಳಿಗೆ ಅನುದಾನವಿದೆ, ವಾದ್ಯ ಕೊಳ್ಳಲು ಸಹಾಯಧನವಿದೆ, ವಯಸ್ಸಾದ ಕಲಾವಿದರಿಗೆ ತಿಂಗಳು ತಿಂಗಳು ಮಾಸಾಶನವಿದೆ. ಕೊಡುವ ಮುಂಚೆ ಅದು ಒಂದನ್ನು ಕೇಳುತ್ತದೆ: ಆಧಾರ ತೋರಿಸಿ. ಇಷ್ಟು ವರ್ಷ ಆಡಿದ್ದಕ್ಕೆ, ಹಾಡಿದ್ದಕ್ಕೆ, ಬಾರಿಸಿದ್ದಕ್ಕೆ ಫೋಟೋ ಎಲ್ಲಿ, ಪ್ರಮಾಣಪತ್ರ ಎಲ್ಲಿ, ಪೇಪರಿನ ತುಣುಕು ಎಲ್ಲಿ. ನ್ಯಾಯವಾದ ಪ್ರಶ್ನೆ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಉತ್ತರ ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಜನ.

ಮೊದಲು ಬಂದವನು ಜೇವರ್ಗಿ ಕಡೆಯ ಚಂದ್ರಾಮ, ಹಲಗೆ ಬಾರಿಸುವವನು. ಅವನ ಮಗಳು ಯಶೋಧರಾ ನರ್ಸು. ಅಪ್ಪ ಮತ್ತೆ ಹಲಗೆ ಮುಟ್ಟುವುದು ಅವಳಿಗೆ ಬೇಡ. ಸತ್ತವರ ಮನೆಯ ಮುಂದೆ ಬಿಟ್ಟಿ ಬಾರಿಸಿದ ಮನೆತನದ ಮಾನ ಈಗ ತಾನೇ ನೆಟ್ಟಗಾಗಿದೆ ಎನ್ನುವುದು ಅವಳ ಮಾತು. ಹೀಗಾಗಿ ಚಂದ್ರಾಮ ಮನೆಯಲ್ಲಿ ಹೇಳದೆ ಬಂದಿದ್ದ.

"ಫೋಟೋ ಕೇಳ್ತಾರ ಜಗದೇವಣ್ಣ. ಹೆಣದ ಮುಂದ ಬಾರಿಸೋ ಮುಂದ, ಏ ತಮ್ಮ, ನಂದೊಂದು ಫೋಟೋ ತಗೀ ಅಂತ ಹೆಂಗ ಅನ್ಲಿ?"

"ಹೆಣಕ್ಕರ ಕೇಳಬೇಕಿತ್ತು, ಸಾಕ್ಷಿ ಹೇಳ್ತಿತ್ತು," ಎಂದ ಜಗದೇವ. ಮತ್ತೆ ಪರದೆಗಳ ಖೋಲಿಯ ಕಡೆ ನೋಡಿ, "ರೊಕ್ಕ ತಂದೀಯೇನು?" ಎಂದ.

ಅವತ್ತೇ ಅರಮನೆಯ ಪರದೆಯನ್ನು ಗಿರಣಿಯ ಹಿಂದಿನ ಗೋಡೆಗೆ ಕಟ್ಟಿದ. ಒಂದು ಹಳೆಯ ಧೋತರದ ಮೇಲೆ ಜಾನಪದ ಮೇಳ, ೧೯೯೮ ಎಂದು ಬರೆದು ಮೇಲೆ ತೂಗುಹಾಕಿದ. ಜಿಲ್ಲೆಗೆ ಆಗ ಇದ್ದ ಹಳೆಯ ಹೆಸರನ್ನೇ ಹಾಕಿದ. ಬಣ್ಣದ ರುಮಾಲು ಸುತ್ತಿಸಿ ಚಂದ್ರಾಮನನ್ನು ನಿಲ್ಲಿಸಿದ. ಫೋಟೋ ತೆಗೆದವನು ಮೂಲೆಯ ಸ್ಟುಡಿಯೋದ ಮಸೂದ. ಅವನು ಪ್ರತಿಯನ್ನು ಮಾಳಿಗೆಯ ಮೇಲೆ ನಾಲ್ಕು ದಿನ ಬಿಸಿಲಿಗೆ ಹಾಕಿ, ಅಂಚು ಮುದುರಿಸಿ ಇಪ್ಪತ್ತು ವರ್ಷ ಹಳೆಯದು ಮಾಡಿ ಕೊಟ್ಟ. ಚಂದ್ರಾಮ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಆಗ ನಾ ಹಿಂಗ ಇದ್ದೆನೇನು?" ಎಂದ. "ಆಗ ನಿನಗ ಹಲ್ಲಿದ್ವು. ಬಾಯಿ ಮುಚ್ಚಿಸಿ ತಗದಾನ," ಎಂದ ಜಗದೇವ.

ಸುದ್ದಿ ಹಬ್ಬಿತು. ಗೀಗೀ ಪದದವರು, ಭಜನೆಯವರು, ತತ್ವಪದದವರು, ಹಾರ್ಮೋನಿಯಂ ಮಾಸ್ತರು ಬಂದರು. ಅಫಜಲಪುರದ ಒಬ್ಬ ಮಿಠಾಯಿ ಅಂಗಡಿಯವನೂ ಬಂದ. ಜನ್ಮದಲ್ಲಿ ಒಂದು ಪದ ಹಾಡಿದವನಲ್ಲ. ಅವನ ಹತ್ತಿರ ಜಗದೇವ ಉಳಿದವರಿಗಿಂತ ಹೆಚ್ಚು ತೆಗೆದುಕೊಂಡ. ಖರೇ ಕಲಾವಿದ, ಖೊಟ್ಟಿ ಕಲಾವಿದ ಎಂಬ ಭೇದ ಅವನಿಗೆ ಅಷ್ಟೇ ಮಟ್ಟಿಗೆ ಇತ್ತು.

ನಜಮುನ್ನಿಸಾಳ ಗೊಂದಲ ಬೇರೆ ಬಗೆಯದು. ಅಫಜಲಪುರದ ಈ ಹೆಂಗಸು ಇಪ್ಪತ್ತು ವರ್ಷ ಜಗದೇವನ ಟೆಂಪೋದಲ್ಲಿ ಓಡಾಡಿ ನಾಟಕ ಆಡಿದವಳು. ಮಲತಾಯಿ, ಸೂಳೆ, ಸೊಕ್ಕಿನ ಸೊಸೆ, ಒಮ್ಮೊಮ್ಮೆ ರಾಣಿ. ಅವಳ ಹೆಸರಿದ್ದ ಕರಪತ್ರಗಳು ನೂರಾರು ಇದ್ದವು. ಆದರೆ ಆ ಹೆಸರು ಕುಮಾರಿ ರೂಪಾ. ಆಗಿನ ನಟಿಯರು ಮನೆಯ ಹೆಸರನ್ನು ಊರೂರಿನ ಗೋಡೆಗೆ ಅಂಟಿಸಲು ಬಿಡುತ್ತಿರಲಿಲ್ಲ. ಜಗದೇವನೇ ಇಟ್ಟ ಹೆಸರು ಅದು. ಕುಮಾರಿ ರೂಪಾಳಿಗೆ ಆಧಾರ್ ಕಾರ್ಡ್ ಇರಲಿಲ್ಲ. ನಜಮುನ್ನಿಸಾಳಿಗೆ ಕರಪತ್ರ ಇರಲಿಲ್ಲ.

"ಇಪ್ಪತ್ತು ವರ್ಷ ರೂಪಾ ದುಡಿದ್ಳು, ನಜಮಾ ಉಂಡ್ಳು," ಎಂದು ಅವಳು ಗೋಡೆಗೆ ಆತು ಮೊಣಕಾಲು ತಿಕ್ಕಿಕೊಳ್ಳುತ್ತ ಹೇಳಿದ್ದಳು. "ಈಗ ನಜಮಾನ ಹೊಟ್ಟಿಗಿ ರೂಪಾನ ಕಾಗದ ನಡ್ಯಂಗಿಲ್ಲ ಅಂತಾರ. ನೀ ಇಟ್ಟ ಹೆಸರು ಜಗಣ್ಣ, ನೀನೇ ಏನರ ಮಾಡು."

ಅವನು ಮಾಡಿದ; ಪುಕ್ಕಟೆ ಅಲ್ಲ. ಧೋತರದ ಮೇಲೆ ಶ್ರೀಮತಿ ನಜಮುನ್ನಿಸಾ ಎಂದು ದೊಡ್ಡದಾಗಿ ಬರೆದು, ರಾಣಿಯ ಕಿರೀಟ ಹಾಕಿಸಿ, ಅರಮನೆಯ ಮುಂದೆ ನಿಲ್ಲಿಸಿದ. ಅವಳು ಹಿಂದೆ ತಿರುಗಿ ಪರದೆಯನ್ನು ನೋಡಿ ನಕ್ಕಳು. "ಈ ಕೋಳಿ ಇನ್ನೂ ಸತ್ತಿಲ್ಲೇನು?"

ಅದು ಕೋಳಿಯಲ್ಲ, ನವಿಲು. ೨೦೧೨ರಲ್ಲಿ ಖಜೂರಿಯಲ್ಲಿ ಟೆಂಪೋದಿಂದ ಇಳಿಸುವಾಗ ಕೊಕ್ಕೆ ಸಿಕ್ಕು ಅರಮನೆಯ ಮೂರನೆಯ ಕಂಬ ಹರಿದಿತ್ತು. ಭಾಗಮ್ಮ ಒಳಗಿನಿಂದ ಚೌಕಾಕಾರದ ತೇಪೆ ಹೊಲಿದಳು. ತೇಪೆ ಮುಚ್ಚಲು ಜಗದೇವ ಅದರ ಮೇಲೆ ಒಂದು ನವಿಲನ್ನು ಬರೆದ. ತೇಪೆ ಚೌಕವಾದ್ದರಿಂದ ನವಿಲಿನ ಮೈಯೂ ಚೌಕವಾಯಿತು. ರಾಣಿಯಾಗಿದ್ದ ನಜಮುನ್ನಿಸಾ ಅದೇ ವರ್ಷ ಯಾವುದೋ ಊರಿನಲ್ಲಿ, "ಮಹಾರಾಜರೇ, ನಮ್ಮ ಕೋಳಿ ಕಂಬ ಏರೈತಿ, ಇಳಸ್ರಿ" ಎಂದು ತನ್ನದೇ ಮಾತು ಸೇರಿಸಿ ಜನರನ್ನು ನಗಿಸಿದ್ದಳು. ಅದಕ್ಕೆ ಜಗದೇವ ಎರಡು ವಾರ ಅವಳ ಜೊತೆ ಮಾತಾಡಿರಲಿಲ್ಲ.

ಎಲ್ಲ ಕಡೆ ವರ್ಷ ಎಣಿಸಿ ಬರೆಯುತ್ತಿದ್ದ ಜಗದೇವ ಈ ನವಿಲನ್ನು ಎಣಿಸಲಿಲ್ಲ. ೧೯೯೪ರ ಫೋಟೋದಲ್ಲೂ ೧೯೯೮ರ ಫೋಟೋದಲ್ಲೂ ೨೦೦೬ರ ಫೋಟೋದಲ್ಲೂ ನವಿಲು ಕಂಬದ ಮೇಲೆ ಕೂತಿತ್ತು. ಮೂವತ್ತು ವರ್ಷ ಒಂದೇ ವಸ್ತುವನ್ನು ದಿನಾ ನೋಡುವವನ ಕಣ್ಣಿಗೆ ಅದು ಯಾವಾಗ ಬಂತೆಂಬುದು ಕಾಣುವುದಿಲ್ಲ.

ಈ ವರ್ಷ ಜಗದೇವನೂ ಅರ್ಜಿ ಹಾಕಿದ. ನೇಪಥ್ಯ ಕಲಾವಿದರಿಗೂ ಮಾಸಾಶನ ಬರುತ್ತದೆ ಎಂದು ಮಸೂದ ಹೇಳಿದ್ದ. ಎಡಗಣ್ಣಿಗೆ ಪೊರೆ ಬಂದಿತ್ತು. ಬಲಗೈ ಕುಂಚ ಹಿಡಿಯಲೊಲ್ಲದು. ಗಿರಣಿಯವನು ಖೋಲಿ ಬಿಡು ಎಂದು ಎರಡು ಸಲ ಹೇಳಿದ್ದ. ಊರಿಗೆಲ್ಲ ಖೊಟ್ಟಿ ಆಧಾರ ಮಾಡಿಕೊಟ್ಟವನ ಹತ್ತಿರ ಖರೇ ಆಧಾರ ಒಂದಿತ್ತು. ೨೦೦೯ರಲ್ಲಿ ಯಡ್ರಾಮಿಯ ನಾಟಕವೊಂದರಲ್ಲಿ ಊರಿನವರು ಅವನಿಗೆ ಶಾಲು ಹೊದಿಸಿದ್ದರು. ಒಂದು ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಪರದೆ ಕಲಾವಿದನಿಗೆ ಸನ್ಮಾನ ಎಂದು ಕೆಳಗೆ ಎರಡು ಸಾಲು, ಮೇಲೆ ತಾರೀಖು. ಆ ತುಣುಕನ್ನು ಫೈಲಿಗೆ ಪಿನ್ ಹೊಡೆದು ಕೊಟ್ಟ. ಬೇರೇನೂ ಇರಲಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ.

ತಿಂಗಳ ನಂತರ ಇಲಾಖೆಯಿಂದ ಪತ್ರ ಬಂತು. ಮೂರು ತಾಲೂಕುಗಳ ಅರ್ಜಿದಾರರ ಸಂದರ್ಶನ ಜೇವರ್ಗಿಯಲ್ಲಿ. ಪರದೆಯ ಮಾಲೀಕ ಜಗದೇವ ಮುಂಚೆಯೇ ಬಂದು ಅಧಿಕಾರಿಯನ್ನು ಕಾಣತಕ್ಕದ್ದು.

ಎರಡು ಬಸ್ಸು ಬದಲಿಸಿ ಅವನು ಹೋದಾಗ ಹತ್ತೂವರೆ. ಸಭಾಂಗಣದ ಹೊರಗಿನ ಕಟ್ಟೆಯ ಮೇಲೆ ಮುದುಕರು ಸಾಲಾಗಿ ಕೂತಿದ್ದರು. ಯಾರೋ ಏಕತಾರಿ ಶ್ರುತಿ ಮಾಡುತ್ತಿದ್ದರು. ಚಂದ್ರಾಮ ಹಲಗೆಯನ್ನು ಬಿಸಿಲಿಗೆ ಹಿಡಿದು ಕಾಯಿಸುತ್ತಿದ್ದ. ಮಗಳಿಗೆ ಬ್ಯಾಂಕಿನ ಕೆಲಸ ಎಂದು ಹೇಳಿ ಬಂದಿದ್ದನಂತೆ. ನಜಮುನ್ನಿಸಾ ಗೋಡೆ ಹಿಡಿದು ಎದ್ದು ಅವನ ಹತ್ತಿರ ಬಂದಳು.

"ಯಾರೋ ಹೆಸರಿಲ್ಲದ ಅರ್ಜಿ ಒಗದಾರ ಜಗಣ್ಣ. ನಿನ್ನ ಕೋಳಿ ಸುದ್ದಿ ಬರದಾರ. ಅದು ಮೊನ್ನಿ ಮೊನ್ನಿ ಹುಟ್ಟಿದ್ದು, ಹಳೇ ಫೋಟೋದಾಗ ಹೆಂಗ ಬಂತು ಅಂತ. ಹನ್ನೊಂದು ಮಂದಿ ಫೈಲ್ ನಿಂತಾವ. ನಂದೂ ಅದರಾಗ ಐತಿ."

ಜಗದೇವ ಜೇಬಿನಿಂದ ಇಲಾಖೆಯ ಪತ್ರ ತೆಗೆದು ಮತ್ತೊಮ್ಮೆ ಓದಿದ.

"ನಿಂದು ನಿಂತಿಲ್ಲ," ಎಂದಳು. "ಗುಮಾಸ್ತನ್ನ ಕೇಳೇನಿ. ನಿಂದು ಖರೇ ಕಾಗದ ಅಂತ. ನಮ್ಮೊಳಗ ಖರೇ ಮನಷ್ಯಾ ನೀ ಒಬ್ಬನಽ ಆದಿ ನೋಡು."

"ನಗ್ತಿ ಏನು?"

"ಅಳ್ಲೇನು ಮತ್ತ? ಅಳೋ ಪಾರ್ಟ್ ಒಳಗ ಮಾಡಬೇಕೈತಿ, ಎರಡು ಮಿನಿಟು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಳಗ ಹೋದ್ರ ಖರೇ ಹೇಳಿ ಬಾ. ನಮ್ಮದು ಹೆಂಗೂ ಹೋತು. ನಿನಗರ ಬರ್ಲಿ. ಕಣ್ಣು ತೋರಿಸ್ಕೊ."

ಅಧಿಕಾರಿಯ ಹೆಸರು ಸೃಷ್ಟಿ. ಮೂವತ್ತರ ಒಳಗಿನವಳು, ಹೊಸದಾಗಿ ಬಂದವಳು. ಮೇಜಿನ ಮೇಲೆ ಹನ್ನೊಂದು ಫೋಟೋಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿದ್ದಳು. ಹನ್ನೊಂದರಲ್ಲೂ ನವಿಲಿತ್ತು.

"ಕೂಡ್ರಿ," ಎಂದಳು. "ಈ ಪರದೆ ನಿಮ್ದಽ ಅಲ್ರಿ?"

"ಹೌದ್ರಿ."

"ಇವರು ಯಾರೂ ಕಲಾವಿದರಲ್ಲ ಅಂತ ನಾ ಹೇಳಾಕತ್ತಿಲ್ಲ. ಹೊರಗ ಕೂತವರನ್ನ ನೋಡೇನಿ. ಅದರಾಗ ಕೆಲವರು ಜೀವಮಾನ ಹಾಡಿದವರು, ಕೆಲವರು ಒಂದು ದಿನ ಹಾಡಿಲ್ಲ. ಯಾರು ಯಾರು ಅಂತ ನನಗ ತಿಳಿಯಂಗಿಲ್ಲ, ಕಾಗದ ನೋಡಬೇಕು. ಕಾಗದ ಸುಳ್ಳಾದ್ರ ಎಲ್ಲಾ ವಾಪಸ್ ಕಳಿಸಬೇಕು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಾಲ್ಕು ದಿನದಿಂದ ಇದೇ ಮಾತು ಆಡಿದವಳ ದಣಿವಿತ್ತು. "ನಿಮ್ಮ ಮ್ಯಾಲ ಏನೂ ಬರಂಗಿಲ್ಲ. ಬಾಡಿಗಿ ಕೇಳಿದ್ರು, ಪರದೆ ಕೊಟ್ಟೆ, ಅಷ್ಟಽ ನಿಮಗ ಗೊತ್ತು. ನವಿಲು ಯಾವ ವರ್ಷ ಬರದ್ರಿ, ಅದೊಂದು ಬರದು ಸಹಿ ಮಾಡ್ರಿ, ಸಾಕು."

ಕಾಗದ ಮತ್ತು ಪೆನ್ನು ಮುಂದಿಟ್ಟಳು. ಜಗದೇವ ಫೋಟೋಗಳ ಕಡೆ ನೋಡಿದ. ಮಿಠಾಯಿ ಅಂಗಡಿಯವನು ತಂಬೂರಿಯನ್ನು ತಲೆಕೆಳಗಾಗಿ ಹಿಡಿದು ನಗುತ್ತಿದ್ದ. ಅದರ ಪಕ್ಕದಲ್ಲಿ ಚಂದ್ರಾಮ ಬಾಯಿ ಮುಚ್ಚಿ ನಿಂತಿದ್ದ. ನಜಮುನ್ನಿಸಾಳ ಕಿರೀಟ ಒಂದು ಬದಿಗೆ ವಾಲಿತ್ತು. ಸರಿ ಮಾಡಬೇಕಿತ್ತು, ಆಗ ಅವನು ಗಮನಿಸಿರಲಿಲ್ಲ.

"ನವಿಲು ಮೊದಲಿಂದ್ಲೂ ಐತ್ರಿ," ಎಂದ.

"ಅಂದ್ರ?"

"ಪರದೆ ಬರದಾಗ್ಲೇ ಬರದೇನಿ. ತೊಂಬತ್ತೊಂದರಾಗ. ಅರಮನಿ ಅಂದ ಮ್ಯಾಲ ಒಂದು ನವಿಲು ಬೇಕಲ್ರಿ."

ಸೃಷ್ಟಿ ಅವನ ಮುಖವನ್ನೇ ನೋಡಿದಳು. "ಈ ನವಿಲಾ?"

"ಆಗ ನನಗ ನವಿಲು ಬರೀಲಿಕ್ಕೆ ಅಷ್ಟು ಬರ್ತಿದ್ದಿಲ್ರಿ."

ಅವಳಿಗೆ ನಗು ಬಂದಿರಬೇಕು, ತಡೆದಳು. "ಹಂಗಾದ್ರ ಈ ಅರ್ಜಿ ಬರದವರು?"

"ಮಾಸಾಶನ ಸಿಗದವರು ಯಾರೋ ಇರಬೇಕ್ರಿ. ಹೊಟ್ಟಿ ಉರೀತೈತಿ."

"ನವಿಲು ಇಲ್ಲದ ಫೋಟೋ ಒಂದು ಎಲ್ಲಿಯರ ಸಿಕ್ರ ಈ ಹನ್ನೊಂದೂ ಹೋಗ್ತಾವ, ತಿಳೀತಲ್ಲ? ಅರ್ಜಿಗಳನ್ನೆಲ್ಲ ನಾನೇ ಒಂದೊಂದಾಗಿ ನೋಡ್ತೇನಿ. ಮಧ್ಯಾಹ್ನ ನೇಪಥ್ಯದವು ಬರ್ತಾವ. ಅಂಥಾದ್ದು ನಿಮ್ಮ ಹತ್ರ ಇಲ್ಲಲ್ಲ?"

"ಇಲ್ರಿ."

ಅವನು ಬರೆದ. ಅಕ್ಷರ ಸೊಟ್ಟಾದವು. ಒಂದು ಕಾಲದಲ್ಲಿ ಆಳಂದದ ಅರ್ಧ ಬಜಾರಿನ ಬೋರ್ಡುಗಳು ಅವನ ಅಕ್ಷರದಲ್ಲಿದ್ದವು. ಸೃಷ್ಟಿ ಓದಿ, ಕಚೇರಿಯ ಶಿಕ್ಕೆ ಒತ್ತಿ, ಹನ್ನೊಂದು ಫೋಟೋಗಳನ್ನು ಒಟ್ಟು ಮಾಡಿದಳು. "ಒಬ್ಬೊಬ್ಬರನ್ನ ಕಳಿಸ್ರಿ," ಎಂದು ಬಾಗಿಲ ಕಡೆ ಕೂಗಿದಳು.

ಹೊರಗಿನ ಪಡಸಾಲೆಯಲ್ಲಿ ಗುಮಾಸ್ತ ಅಜಯಕುಮಾರ ಫೈಲುಗಳ ನಡುವೆ ಕೂತಿದ್ದ. ನಜಮುನ್ನಿಸಾಳ ಹೆಸರನ್ನು ಮೊದಲು ಕರೆದ. ಅವಳು ಜಗದೇವನ ಮುಂದೆ ಹಾಯುವಾಗ ಏನಾಯಿತೆಂದು ಹುಬ್ಬೇರಿಸಿ ಕೇಳಿದಳು.

"ಸೆರಗು ಸರಿ ಮಾಡ್ಕೊ," ಎಂದ ಜಗದೇವ. "ನಡಕ ಬಾಯಿ ಹಾಕಬ್ಯಾಡ, ಇದ್ದ ಮಾತಷ್ಟು ಹೇಳು."

ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ತುಸು ಹೊತ್ತಿಗೆ ಒಳಗಿನಿಂದ ಮಲತಾಯಿಯ ಗದರುವ ದನಿ ಕೇಳಿತು. ಕಟ್ಟೆಯ ಮೇಲಿನ ಮುದುಕರು ಬಾಗಿಲ ಕಡೆ ತಿರುಗಿದರು.

ಜಗದೇವ ಗುಮಾಸ್ತನ ಮೇಜಿನ ಹತ್ತಿರ ಬಂದ.

"ನನ್ನ ಫೈಲ್ ಕೊಡು ತಮ್ಮಾ. ಒಂದು ಕಾಗದ ತಪ್ಪಿ ಹಾಕೇನಿ."

"ಈಗ್ಯಾಕ ಕಾಕಾ? ನಿಮ್ಮದು ಚೊಲೊ ಐತಿ. ನೇಪಥ್ಯದಾಗ ಪಕ್ಕಾ ಆಧಾರ ಇದ್ದದ್ದು ನಿಮ್ಮದೊಂದಽ."

"ಕೊಡು."

ಅಜಯಕುಮಾರ ಹುಡುಕಿ ಕೊಟ್ಟ. ಜಗದೇವ ನಿಂತಲ್ಲೇ ಹಾಳೆ ತಿರುವಿದ. ಅರ್ಜಿ, ಆಧಾರ್ ಕಾರ್ಡಿನ ಪ್ರತಿ, ಬ್ಯಾಂಕಿನ ಪಾಸ್‌ಬುಕ್ ಪ್ರತಿ. ನಾಲ್ಕನೆಯದು ಪತ್ರಿಕೆಯ ತುಣುಕು: ಹೆಗಲ ಮೇಲೆ ಶಾಲು, ಹಿಂದೆ ಅರಮನೆ, ಮೂರನೆಯ ಕಂಬ ಬರಿದಾಗಿ ನೆಟ್ಟಗೆ ನಿಂತಿದೆ. ಪಿನ್ನು ಬಿಗಿಯಾಗಿ ಕೂತಿತ್ತು. ಬಲಗೈ ಕೇಳಲಿಲ್ಲವೆಂದು ಎಡಗೈಯ ಉಗುರು ಹಾಕಿ ಎಬ್ಬಿಸಿದ. ತುಣುಕನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟು, ಫೈಲನ್ನು ವಾಪಸ್ ಕೊಟ್ಟ.

ಅಜಯಕುಮಾರ ತೆರೆದು ನೋಡಿದ. "ಇದರಾಗಿಂದು ಎಲ್ಲಿ ಹೋತು ಕಾಕಾ? ಆಧಾರ ಇಲ್ಲದ್ದು ಒಳಗ ಹೋಗಂಗಿಲ್ಲ. ಇವತ್ತಽ ಕಡೀ ದಿನ. ಮುಂದಿನ ವರ್ಷದ ತನಕ ಏನೂ ಮಾಡಾಕ ಬರಂಗಿಲ್ಲ."

"ಗೊತ್ತೈತಿ."

"ಏನಂತ ಬರೀಲಿ?"

"ಇಲ್ಲ ಅಂತ ಬರಿ."

ಗುಮಾಸ್ತ ಅವನನ್ನು ಒಮ್ಮೆ ನೋಡಿ, ಪಟ್ಟಿಯಲ್ಲಿ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಆಧಾರವಿಲ್ಲ ಎಂದು ಬರೆದ. ಪಟ್ಟಿಯನ್ನು ಜಗದೇವನ ಕಡೆ ತಿರುಗಿಸಿದ. ಜಗದೇವ ಕನ್ನಡಕ ಹಾಕಿಕೊಂಡು, ಬಲಗಣ್ಣು ಹತ್ತಿರ ತಂದು ಅದನ್ನು ಓದಿ, ಕೆಳಗೆ ಸಹಿ ಮಾಡಿದ.